ತೊನ್ನಿಗೆ ವೈರಸ್ ಕಾರಣವೇ? ಮುಟ್ಟಿದರೆ ಅಂಟುತ್ತಾ? ಇಲ್ಲಿದೆ ಪೂರ್ತಿ ಮಾಹಿತಿ

ಚಿಲ್ಲರೆ ಕೊಡುವ ಅಂಗಡಿಯವರ ಕೈ ಮೇಲೆ ಬಿಳಿ ಮಚ್ಚೆ ಕಂಡರೆ ಗಿರಾಕಿ ಕೈ ಹಿಂದಕ್ಕೆ ಎಳೆದುಕೊಳ್ಳುವುದು, ಹೋಟೆಲಿನಲ್ಲಿ ಬಡಿಸುತ್ತಿದ್ದವರನ್ನು ಪಾತ್ರೆ ತೊಳೆಯುವ ಕೆಲಸಕ್ಕೆ ಹಾಕುವುದು, ಗೊತ್ತಾದ ಸಂಬಂಧ ಕೊನೇ ಗಳಿಗೆಯಲ್ಲಿ ಮುರಿದುಬೀಳುವುದು. ತೊನ್ನು ಇರುವವರ ಮನೆಗಳಿಗೆ ಇದೇನೂ ಹೊಸದಲ್ಲ. ಇಂಥದ್ದರಲ್ಲಿ ತೊನ್ನಿಗೂ ವೈರಸ್ಸಿಗೂ ನಂಟಿರಬಹುದು ಎಂದು ವಿಜ್ಞಾನಿಗಳು ಹೇಳುತ್ತಿದ್ದಾರೆ ಅಂತ ಕಿವಿಗೆ ಬಿದ್ದರೆ ಭಯ ಇಮ್ಮಡಿಯಾಗುವುದು ಸಹಜ. ವೈರಸ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಕೊರೊನಾ ಕಾಲ, ಮಾಸ್ಕು ಮತ್ತು ಆರಡಿ ಅಂತರ.

ಅದಕ್ಕೇ ಉತ್ತರ ಮೊದಲೇ ಹೇಳಿಬಿಡುವುದು ಒಳ್ಳೆಯದು. ತೊನ್ನು ಅಂಟುರೋಗ ಅಲ್ಲ. ವೈರಸ್ ಸೋಂಕು ಕೆಲವರಲ್ಲಿ ತೊನ್ನು ಶುರುವಾಗಲು ಒಂದು ನೆಪ ಆಗಿರಬಹುದು, ಅಷ್ಟೆ. ಬಣ್ಣ ಹೋಗುವುದು ವೈರಸ್ಸಿನ ಕೈಯಿಂದ ಅಲ್ಲ, ದೇಹದ ಸ್ವಂತ ರೋಗನಿರೋಧಕ ಶಕ್ತಿಯ ಕೈಯಿಂದ. ಈ ಎರಡರ ನಡುವಿನ ವ್ಯತ್ಯಾಸ ತಿಳಿದರೆ ಅರ್ಧ ಭಯ ಹೋದಂತೆ.

ತೊನ್ನು ಅಂದ್ರೆ ಏನು?

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್ ಎಂಬ ವಸ್ತು. ಅದನ್ನು ತಯಾರಿಸುವ ಜೀವಕೋಶಕ್ಕೆ ಮೆಲನೋಸೈಟ್ ಅಂತ ಹೆಸರು, ಸರಳವಾಗಿ ಬಣ್ಣದ ಕೋಶ ಅನ್ನಬಹುದು. ಯಾವ ಜಾಗದಲ್ಲಿ ಈ ಕೋಶಗಳು ಸಾಯುತ್ತವೋ ಆ ಜಾಗ ಹಾಲಿನಂತೆ ಬೆಳ್ಳಗಾಗುತ್ತದೆ. ಅದೇ ತೊನ್ನು. ಡಾಕ್ಟರ ಚೀಟಿಯಲ್ಲಿ ವಿಟಿಲಿಗೊ ಎಂದಿರುತ್ತದೆ. ಆಯುರ್ವೇದದಲ್ಲಿ ಶ್ವಿತ್ರ ಎನ್ನುತ್ತಾರೆ.

ಜಗತ್ತಿನಲ್ಲಿ ನೂರು ಜನರಲ್ಲಿ ಸುಮಾರು ಅರ್ಧದಿಂದ ಇಬ್ಬರಿಗೆ, ಅಂದರೆ ಶೇ. 0.5ರಿಂದ 2ರಷ್ಟು ಜನರಿಗೆ ಇದು ಇದೆ. ಗಂಡು, ಹೆಣ್ಣು, ಬಡವ, ಬಲ್ಲಿದ ಅನ್ನೋ ಭೇದ ಇಲ್ಲ. ಸುಮಾರು ಅರ್ಧದಷ್ಟು ಜನರಲ್ಲಿ 20 ವರ್ಷದ ಒಳಗೇ ಕಾಣಿಸಿಕೊಳ್ಳುತ್ತದೆ. ಅಂದರೆ ಶಾಲೆ, ಕಾಲೇಜು, ಮದುವೆ ಮಾತುಕತೆಯ ವಯಸ್ಸಿನಲ್ಲಿ. ನೋವಿನ ಮೂಲ ಇರುವುದು ಇಲ್ಲೇ. ಮಚ್ಚೆ ನೋಯುವುದಿಲ್ಲ, ಜನರ ನೋಟ ನೋಯಿಸುತ್ತದೆ.

ತಪ್ಪು ಎಲ್ಲಿ ಆಗುತ್ತೆ?

ದೇಹದೊಳಗೆ ಟಿ ಕೋಶ ಎಂಬ ಬಿಳಿ ರಕ್ತಕಣಗಳಿವೆ. ವೈರಸ್ ಹೊಕ್ಕ ಜೀವಕೋಶವನ್ನು ಹುಡುಕಿ ಕೊಲ್ಲುವುದು ಇವುಗಳಲ್ಲಿ ಒಂದು ಪಂಗಡದ ಕೆಲಸ. ತೊನ್ನು ಬಂದವರಲ್ಲಿ ಇದೇ ಪಂಗಡ ಬಣ್ಣದ ಕೋಶಗಳನ್ನು ಶತ್ರು ಎಂದು ತಪ್ಪು ತಿಳಿದು ಅವುಗಳ ಮೇಲೆ ಬೀಳುತ್ತದೆ. ಈ ಟಿ ಕೋಶಗಳು ಇಂಟರ್‌ಫೆರಾನ್ ಗಾಮಾ ಎಂಬ ರಾಸಾಯನಿಕ ಸಂದೇಶ ಬಿಡುತ್ತವೆ. ಅದನ್ನು ಪಡೆದ ಚರ್ಮದ ಕೋಶಗಳು 'ಇಲ್ಲಿಗೆ ಬನ್ನಿ' ಎಂದು ಇನ್ನಷ್ಟು ಟಿ ಕೋಶಗಳನ್ನು ಕರೆಯುತ್ತವೆ. ಹೀಗೆ ಮಚ್ಚೆ ಅಂಚಿನಿಂದ ಅಂಚಿಗೆ ಬೆಳೆಯುತ್ತಾ ಹೋಗುತ್ತದೆ.

ಇನ್ನೊಂದು ವಿಚಾರ. ಚಿಕಿತ್ಸೆಯಿಂದ ಬಣ್ಣ ಮರಳಿದ ಮೇಲೂ ಒಂದಷ್ಟು ಟಿ ಕೋಶಗಳು ಅದೇ ಜಾಗದಲ್ಲಿ ಉಳಿದುಕೊಂಡಿರುತ್ತವೆ. ಇವು ನೆನಪಿನ ಕೋಶಗಳು. ಔಷಧ ನಿಲ್ಲಿಸಿದ ಎಷ್ಟೋ ಜನರಿಗೆ ಹಳೇ ಜಾಗದಲ್ಲೇ ಮತ್ತೆ ಮಚ್ಚೆ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ.

ದೇಹ ತನ್ನ ಮೇಲೇ ಯುದ್ಧ ಸಾರುವ ಇಂಥ ಕಾಯಿಲೆಗಳು ಬೇರೆಯೂ ಇವೆ. ಥೈರಾಯ್ಡ್ ತೊಂದರೆಯ ಕೆಲವು ಬಗೆಗಳು, ಮಕ್ಕಳಲ್ಲಿ ಬರುವ ಟೈಪ್ 1 ಸಕ್ಕರೆ ಕಾಯಿಲೆ, ತಲೆಯಲ್ಲಿ ದುಂಡಗೆ ಕೂದಲು ಉದುರುವುದು ಎಲ್ಲ ಇದೇ ಜಾತಿಗೆ ಸೇರಿದವು. ತೊನ್ನು ಇರುವವರಿಗೆ ಥೈರಾಯ್ಡ್ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಬರೆದುಕೊಡುವುದು ಇದಕ್ಕೇ.

ವೈರಸ್ ಮೇಲೆ ಅನುಮಾನ ಯಾಕೆ? ಕೋಳಿಗಳು ಹೇಳಿದ ಸತ್ಯ

ಈ ಅನುಮಾನಕ್ಕೆ ಗಟ್ಟಿ ಆಧಾರ ಸಿಕ್ಕಿದ್ದು ಕೋಳಿಗಳಲ್ಲಿ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿಜ್ಞಾನಿ ರಾಬರ್ಟ್ ಸ್ಮಿತ್ ಒಂದು ಕಂದು ಕೋಳಿ ತಳಿಯನ್ನು ಬೆಳೆಸಿದ್ದರು. ಆ ತಳಿಗೆ 'ಸ್ಮಿತ್ ಲೈನ್' ಎಂದೇ ಹೆಸರು. ಇದರ ಮರಿಗಳು ಮೊಟ್ಟೆಯಿಂದ ಹೊರಬಂದಾಗ ಬಣ್ಣ ಸರಿಯಾಗಿಯೇ ಇರುತ್ತದೆ. ಒಂದೂವರೆ ತಿಂಗಳು ಕಳೆದ ಮೇಲೆ ಪುಕ್ಕ ಬೆಳ್ಳಗಾಗತೊಡಗುತ್ತದೆ. ಕೆಲವಕ್ಕೆ ಥೈರಾಯ್ಡ್ ತೊಂದರೆಯೂ ಬರುತ್ತದೆ. ಥೇಟ್ ಮನುಷ್ಯರ ತೊನ್ನಿನಂತೆಯೇ.

ಕೋಳಿ ಫಾರಂ ಇರುವವರಿಗೆ ಮಾರೆಕ್ಸ್ ಕಾಯಿಲೆ ಗೊತ್ತು. ಅದನ್ನು ತಡೆಯಲು ಹ್ಯಾಚರಿಯಲ್ಲಿ ಒಂದು ದಿನದ ಮರಿಗೇ ಲಸಿಕೆ ಹಾಕುತ್ತಾರೆ. ಆ ಲಸಿಕೆಯಲ್ಲಿರುವುದು ಟರ್ಕಿ ಕೋಳಿಯ ಹರ್ಪಿಸ್ ಜಾತಿಯ ಜೀವಂತ ವೈರಸ್. ಮಾರೆಕ್ಸ್ ವೈರಸ್ಸಿನ ದೂರದ ನೆಂಟ, ಕೋಳಿಗೆ ಕಾಯಿಲೆ ತರುವುದಿಲ್ಲ. ಆದರೆ ಸ್ಮಿತ್ ತಳಿಯ ಮರಿಗಳಿಗೆ ಈ ಲಸಿಕೆ ಹಾಕಿದಾಗ ಬಹುಪಾಲು ಮರಿಗಳಿಗೆ ತೊನ್ನು ಬಂತು. ಲಸಿಕೆ ಹಾಕದೇ ಬಿಟ್ಟಾಗ ಪ್ರಮಾಣ ತೀರಾ ಇಳಿಯಿತು. ಅಮೆರಿಕದ ವಿಜ್ಞಾನಿಗಳು ಇದನ್ನು 2001ರಲ್ಲಿ ಪ್ರಕಟಿಸಿದರು.

ಇಲ್ಲಿ ಗಮನಿಸಬೇಕಾದ ಅಂಶ ಬೇರೆಯೇ ಇದೆ. ಇದೇ ಲಸಿಕೆ ಪಡೆದ ಬೇರೆ ತಳಿಯ ಕೋಳಿಗಳಿಗೆ ಹೀಗೆ ಆಗಲಿಲ್ಲ. ಸ್ಮಿತ್ ತಳಿ ಹುಟ್ಟಿಬಂದ ಮೂಲ ತಳಿಗೂ ಆಗಲಿಲ್ಲ. ಲೋಕದ ತುಂಬಾ ಫಾರಂ ಕೋಳಿಗಳು ಈ ಲಸಿಕೆ ಪಡೆಯುತ್ತಲೇ ಇವೆ, ಏನೂ ಆಗಿಲ್ಲ. ಅಂದರೆ ವೈರಸ್ ಬರೀ ಕಿಡಿ. ಒಣಗಿದ ಬಣವೆ ಇದ್ದರೆ ಮಾತ್ರ ಹತ್ತಿಕೊಳ್ಳುತ್ತದೆ. ಆ ಬಣವೆ ಸ್ಮಿತ್ ಕೋಳಿಗಳ ವಂಶವಾಹಿಯಲ್ಲೇ ಇತ್ತು. ಹಾಗಾಗಿ ಈ ಲಸಿಕೆ ಹಾಕಿದ ಕೋಳಿ ತಿಂದರೆ ತೊನ್ನು ಬರುತ್ತೆ ಅಂತ ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು.

ಮನುಷ್ಯರಲ್ಲಿ ಸಿಕ್ಕ ಸುಳಿವುಗಳು

ಮನುಷ್ಯರ ವಿಷಯದಲ್ಲಿ ಇಷ್ಟು ನೇರವಾದ ಸಾಕ್ಷಿ ಇಲ್ಲ. ಸುಳಿವುಗಳಿವೆ.

ಒಂದು: 1996ರಲ್ಲಿ ಅಮೆರಿಕದ ವೈದ್ಯರು ತೊನ್ನು ಇರುವವರ ಚರ್ಮದ ತುಣುಕು ಪರೀಕ್ಷಿಸಿದಾಗ ಕೆಲವರಲ್ಲಿ ಸೈಟೊಮೆಗಲೊ ವೈರಸ್ಸಿನ ಡಿಎನ್‌ಎ ಸಿಕ್ಕಿತು. ಇದು ಹರ್ಪಿಸ್ ಕುಟುಂಬದ ವೈರಸ್. ಸೀತಾಳೆ ಸಿಡುಬು, ಸರ್ಪಸುತ್ತು ತರುವ ವೈರಸ್ಸೂ ಇದೇ ಕುಟುಂಬದ್ದು. ಒಮ್ಮೆ ಒಳಹೊಕ್ಕರೆ ಜೀವನಪೂರ್ತಿ ದೇಹದಲ್ಲೇ ಸುಮ್ಮನೆ ಮಲಗಿರುವುದು ಇವುಗಳ ಸ್ವಭಾವ.

ಎರಡು: ದೇಹದಲ್ಲಿ ವೈರಸ್ ಬಂದಾಗ ಇಂಟರ್‌ಫೆರಾನ್ ಎಂಬ ಗಂಟೆ ಬಾರಿಸುತ್ತದೆ. ಹೆಪಟೈಟಿಸ್ ಸಿ ರೋಗಿಗಳಿಗೆ ಹಿಂದೆ ಇದೇ ಇಂಟರ್‌ಫೆರಾನನ್ನು ಇಂಜೆಕ್ಷನ್ ಆಗಿ ಕೊಡುತ್ತಿದ್ದರು. ಅವರಲ್ಲಿ ಕೆಲವರಿಗೆ ಹೊಸದಾಗಿ ತೊನ್ನು ಬಂದದ್ದು ದಾಖಲಾಗಿದೆ. ನರಹುಲಿಗೆ ಹಚ್ಚುವ ಇಮಿಕ್ವಿಮಾಡ್ ಎಂಬ ಮುಲಾಮು ಚರ್ಮಕ್ಕೆ ವೈರಸ್ ಬಂದಿದೆ ಎಂಬ ಭ್ರಮೆ ಹುಟ್ಟಿಸಿ ಅದೇ ಗಂಟೆ ಬಾರಿಸುತ್ತದೆ. ಅದನ್ನು ಹಚ್ಚಿದ ಜಾಗ ಕೆಲವರಲ್ಲಿ ಬೆಳ್ಳಗಾಗಿದೆ. ಮುಲಾಮಿನಲ್ಲಿ ವೈರಸ್ ಇಲ್ಲ. ಕಳ್ಳ ಬರದೇ ಗಂಟೆ ಮಾತ್ರ ಬಾರಿಸಿದರೂ ಬಣ್ಣದ ಕೋಶಗಳಿಗೆ ಪೆಟ್ಟು ಬೀಳಬಹುದು ಎಂಬುದು ಇದರ ಅರ್ಥ.

ಮೂರು: ತೊನ್ನಿನ ಜೊತೆ ನಂಟಿರುವ ಹಲವು ವಂಶವಾಹಿಗಳು ಪತ್ತೆಯಾಗಿವೆ. ಅವುಗಳಲ್ಲಿ ಒಂದು ಐಎಫ್‌ಐಎಚ್1. ಜೀವಕೋಶದೊಳಗೆ ವೈರಸ್ ಬಂದಿದೆಯೇ ಎಂದು ಕಾವಲು ಕಾಯುವ ಪ್ರೋಟೀನು ತಯಾರಾಗುವುದು ಇದರಿಂದಲೇ. ಕಾವಲುಗಾರನ ಸ್ವಭಾವದಲ್ಲಿ ಸಣ್ಣ ವ್ಯತ್ಯಾಸ ಇದ್ದವರಲ್ಲಿ ಗಂಟೆ ಹೆಚ್ಚು ಜೋರಾಗಿ ಬಾರಿಸಬಹುದು.

ಇನ್ನೊಂದು ಕುತೂಹಲದ ಸಂಗತಿ ಇದೆ. ಮೆಲನೋಮ ಎಂಬುದು ಬಣ್ಣದ ಕೋಶಗಳಿಗೇ ಬರುವ ಕ್ಯಾನ್ಸರ್. ಅದಕ್ಕೆ ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಹೊಸ ಔಷಧ ಕೊಟ್ಟಾಗ ಕೆಲವು ರೋಗಿಗಳಿಗೆ ತೊನ್ನಿನಂಥ ಬಿಳಿ ಮಚ್ಚೆ ಬರುತ್ತದೆ. ಅಲ್ಲಿ ವೈದ್ಯರಿಗೆ ಅದು ಒಳ್ಳೇ ಸೂಚನೆ, ಔಷಧ ಕೆಲಸ ಮಾಡುತ್ತಿದೆ ಎಂದು ಲೆಕ್ಕ.

ಹಾಗಿದ್ರೂ 'ವೈರಸ್ಸೇ ಕಾರಣ' ಅಂತ ಯಾಕೆ ಹೇಳಲ್ಲ?

ಸೈಟೊಮೆಗಲೊ ವೈರಸ್ ಭಾರತದಲ್ಲಿ ದೊಡ್ಡವರಾಗುವಷ್ಟರಲ್ಲಿ ಹೆಚ್ಚುಕಮ್ಮಿ ಎಲ್ಲರ ದೇಹ ಹೊಕ್ಕಿರುತ್ತದೆ. ಎಲ್ಲರಿಗೂ ತೊನ್ನು ಬಂದಿಲ್ಲ. ಇತ್ತ ತೊನ್ನು ಇರುವ ಎಲ್ಲರ ಚರ್ಮದಲ್ಲೂ ವೈರಸ್ ಸಿಕ್ಕಿಲ್ಲ. ಸಿಕ್ಕ ಜಾಗದಲ್ಲೂ ಅದು ಕಾರಣವೋ, ಸುಮ್ಮನೆ ಅಲ್ಲಿದ್ದ ದಾರಿಹೋಕನೋ ಎಂದು ಬಿಡಿಸಿ ಹೇಳುವುದು ಕಷ್ಟ.

ವಂಶವೂ ಪೂರ್ತಿ ಉತ್ತರ ಅಲ್ಲ. ಒಂದೇ ಅಚ್ಚಿನ ಅವಳಿಗಳಲ್ಲಿ ಒಬ್ಬರಿಗೆ ತೊನ್ನು ಇದ್ದರೆ ಇನ್ನೊಬ್ಬರಿಗೂ ಬಂದಿರುವುದು ಸುಮಾರು ಶೇ. 23ರಷ್ಟು ಪ್ರಕರಣಗಳಲ್ಲಿ ಮಾತ್ರ ಎಂದು 2003ರ ಅಧ್ಯಯನ ಹೇಳಿತು. ವಂಶವಾಹಿ ಒಂದೇ ಆದರೂ ಮುಕ್ಕಾಲು ಪಾಲು ಅವಳಿಗಳಿಗೆ ಬಂದಿರಲಿಲ್ಲ. ಅಂದರೆ ಹೊರಗಿನಿಂದ ಏನೋ ಒಂದು ಕಿಡಿ ಬೇಕು. ಆ ಕಿಡಿ ವೈರಸ್ ಇರಬಹುದು, ಗಾಯ ಇರಬಹುದು, ರಾಸಾಯನಿಕ ಇರಬಹುದು. ಒಬ್ಬೊಬ್ಬರಿಗೆ ಒಂದೊಂದು.

ಕೊರೊನಾ ಸೋಂಕಿನ ನಂತರ, ಲಸಿಕೆಯ ನಂತರ ತೊನ್ನು ಕಾಣಿಸಿಕೊಂಡ ಬಿಡಿ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಆದರೆ ಕೋಟಿಗಟ್ಟಲೆ ಜನರಿಗೆ ಸೋಂಕೂ ಬಂತು, ಲಸಿಕೆಯೂ ಆಯಿತು. ಅಷ್ಟು ಜನರಲ್ಲಿ ಅದೇ ಹೊತ್ತಿಗೆ ಕೆಲವರಿಗೆ ತೊನ್ನು ಶುರುವಾಗುವುದು ಕಾಕತಾಳೀಯವೂ ಆಗಿರಬಹುದು. ಈ ಮಾತು ಹಿಡಿದುಕೊಂಡು ಮಕ್ಕಳ ಲಸಿಕೆ ತಪ್ಪಿಸುವುದು ದೊಡ್ಡ ತಪ್ಪು.

ಕಿಡಿ ಹಚ್ಚಿದ್ದು ವೈರಸ್ಸೇ ಆದ್ರೂ ತೊನ್ನು ಅಂಟಲ್ಲ

ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ರುಮ್ಯಾಟಿಕ್ ಹೃದ್ರೋಗ. ಮಕ್ಕಳಿಗೆ ಗಂಟಲು ನೋವು ತರುವ ಒಂದು ಬ್ಯಾಕ್ಟೀರಿಯಾದಿಂದ ಅದು ಶುರುವಾಗುತ್ತದೆ. ಗಂಟಲು ನೋವು ಹೋದ ಮೇಲೆ ರೋಗನಿರೋಧಕ ಶಕ್ತಿ ದಾರಿತಪ್ಪಿ ಹೃದಯದ ಕವಾಟಕ್ಕೆ ಹೊಡೆಯುತ್ತದೆ. ಗಂಟಲು ನೋವು ಒಬ್ಬರಿಂದ ಒಬ್ಬರಿಗೆ ಹರಡುತ್ತದೆ, ಕವಾಟದ ತೊಂದರೆ ಹರಡುವುದಿಲ್ಲ. ಆ ಹೃದ್ರೋಗಿಯ ಪಕ್ಕ ಕೂರಲು ಯಾರೂ ಹೆದರುವುದಿಲ್ಲ. ತೊನ್ನಿನ ಲೆಕ್ಕವೂ ಹಾಗೆಯೇ. ಬಿಳಿ ಮಚ್ಚೆಯಲ್ಲಿ ಹರಡುವಂಥದ್ದು ಏನೂ ಇಲ್ಲ. ಇರುವುದು ಬಣ್ಣ ಇಲ್ಲದ ಚರ್ಮ, ಅಷ್ಟೆ.

ಹಾಗಾಗಿ ಕೈ ಕುಲುಕಬಹುದು, ಒಂದೇ ತಟ್ಟೆಯಲ್ಲಿ ಊಟ ಮಾಡಬಹುದು, ಅವರು ಮಾಡಿದ ಅಡುಗೆ ಉಣ್ಣಬಹುದು. ಕಟಿಂಗ್ ಶಾಪಿನವರು ಧೈರ್ಯವಾಗಿ ಕೂದಲು ಕತ್ತರಿಸಬಹುದು. ಮದುವೆಯಾದರೆ ಗಂಡ ಹೆಂಡತಿಗೆ ಪರಸ್ಪರ ಬರುವುದಿಲ್ಲ. ಮಕ್ಕಳಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚು ನಿಜ, ಆದರೆ ಬಹುಪಾಲು ಮಕ್ಕಳಿಗೆ ಬರುವುದಿಲ್ಲ.

'ಇಮ್ಯುನಿಟಿ ಕಮ್ಮಿ' ಅಲ್ಲ, ದಾರಿ ತಪ್ಪಿದೆ

ತೊನ್ನು ಬಂದರೆ 'ಇಮ್ಯುನಿಟಿ ಕಮ್ಮಿಯಾಗಿದೆ, ಈ ಪೌಡರ್ ತಗೊಳ್ಳಿ' ಎಂದು ಡಬ್ಬಿ ಮಾರುವವರಿದ್ದಾರೆ. ಇಲ್ಲಿ ಶಕ್ತಿ ಕಡಿಮೆಯಾಗಿಲ್ಲ, ಬೇಡದ ಕಡೆ ಹೆಚ್ಚು ಕೆಲಸ ಮಾಡುತ್ತಿದೆ. ಡಾಕ್ಟರು ಕೊಡುವ ಔಷಧಗಳ ಕೆಲಸವೇ ಅದನ್ನು ತಣ್ಣಗೆ ಮಾಡುವುದು. ಇತ್ತ ತಣ್ಣಗೆ ಮಾಡುವ ಔಷಧ, ಅತ್ತ ಕೆರಳಿಸುತ್ತೇನೆ ಎನ್ನುವ ಪೌಡರ್ ಎರಡನ್ನೂ ತೆಗೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ವೈರಸ್ ಮೇಲೆ ಅನುಮಾನ ಇದೆಯೆಂದು ವೈರಸ್ ಮಾತ್ರೆ ನುಂಗುವ ಅಗತ್ಯವೂ ಇಲ್ಲ. ಅದು ತೊನ್ನಿಗೆ ಒಪ್ಪಿತ ಚಿಕಿತ್ಸೆ ಅಲ್ಲ.

ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತೆ ಎಂಬ ಮಾತಿಗೂ ವೈಜ್ಞಾನಿಕ ಆಧಾರ ಇಲ್ಲ. ಹಾವು ಕೊಂದ ದೋಷ, ಹಿಂದಿನ ಜನ್ಮದ ಪಾಪ ಎಂಬ ಮಾತುಗಳೂ ಅಷ್ಟೇ.

ಎಲ್ಲ ಬಿಳಿ ಮಚ್ಚೆಯೂ ತೊನ್ನಲ್ಲ

ಕುಷ್ಠ: ಮಚ್ಚೆ ಹಾಲು ಬಿಳುಪಲ್ಲ, ಮಂಕು ಬಿಳುಪು ಅಥವಾ ಕೆಂಪು ಛಾಯೆ. ಆ ಜಾಗದಲ್ಲಿ ಸ್ಪರ್ಶ, ಬಿಸಿ ತಣ್ಣಗೆ ತಿಳಿಯುವುದಿಲ್ಲ. ತೊನ್ನಿನಲ್ಲಿ ಸ್ಪರ್ಶ ಪೂರ್ತಿ ಇರುತ್ತದೆ. ಕುಷ್ಠಕ್ಕೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಔಷಧ ಇದೆ, ಪೂರ್ತಿ ವಾಸಿಯಾಗುತ್ತದೆ. ಎರಡೂ ಬೇರೆ ಬೇರೆ ಕಾಯಿಲೆ.

ಚಿಬ್ಬು: ಎದೆ, ಬೆನ್ನು, ಕುತ್ತಿಗೆ ಮೇಲೆ ಸಣ್ಣ ಮಚ್ಚೆ, ಕೆರೆದರೆ ಹೊಟ್ಟಿನಂಥ ಪುಡಿ ಬರುತ್ತದೆ. ಇದು ಶಿಲೀಂಧ್ರದಿಂದ ಬರುವುದು, ಔಷಧಕ್ಕೆ ಬೇಗ ಬಗ್ಗುತ್ತದೆ.

ಮಕ್ಕಳ ಕೆನ್ನೆಯ ಮಾಸಲು ಮಚ್ಚೆ: ಹೊಟ್ಟೆಹುಳದಿಂದ ಎಂದು ಜನ ಹೇಳುತ್ತಾರೆ. ಸಾಮಾನ್ಯವಾಗಿ ಒಣ ಚರ್ಮದ ತೊಂದರೆ ಅದು, ತಾನಾಗೇ ಹೋಗುತ್ತದೆ.

ಫ್ಯಾನ್ಸಿ ಸ್ಟೋರ್, ಚಪ್ಪಲಿ ಅಂಗಡಿಯವರು ಗಮನಿಸಿ

ಕಿಡಿ ವೈರಸ್ಸೇ ಆಗಬೇಕಿಲ್ಲ ಎಂಬುದಕ್ಕೆ ಅಂಗಡಿಯ ಕಪಾಟಿನಲ್ಲೇ ಸಾಕ್ಷಿ ಇದೆ. ಸ್ಟಿಕ್ಕರ್ ಬಿಂದಿಯ ಅಂಟಿನಲ್ಲಿ, ಅಗ್ಗದ ರಬ್ಬರ್ ಚಪ್ಪಲಿಯಲ್ಲಿ ಬಳಸುವ ಫಿನಾಲ್ ಜಾತಿಯ ಕೆಲವು ರಾಸಾಯನಿಕಗಳು ಬಣ್ಣದ ಕೋಶಗಳಿಗೆ ವಿಷ. ಹಣೆಯ ಮೇಲೆ ಬಿಂದಿಯ ಅಳತೆಗೇ ಬಿಳಿ ಮಚ್ಚೆ, ಪಾದದ ಮೇಲೆ ಚಪ್ಪಲಿ ಪಟ್ಟಿಯ ಆಕಾರದಲ್ಲೇ ಬಿಳಿ ಗೆರೆ ಬಂದವರನ್ನು ಭಾರತದ ಚರ್ಮವೈದ್ಯರು ದಶಕಗಳಿಂದ ನೋಡುತ್ತಿದ್ದಾರೆ. ಕೆಲವು ಹೇರ್ ಡೈಗಳಿಂದಲೂ ಹೀಗಾಗುತ್ತದೆ.

ಜಪಾನಿನಲ್ಲಿ 2013ರಲ್ಲಿ ರೊಡೊಡೆಂಡ್ರಾಲ್ ಎಂಬ ವಸ್ತು ಇದ್ದ ಬಿಳಿಯಾಗಿಸುವ ಕ್ರೀಮು ಹಚ್ಚಿದ ಸಾವಿರಾರು ಹೆಂಗಸರ ಮುಖ, ಕೈ ಮೇಲೆ ಬಿಳಿ ಮಚ್ಚೆ ಬಂದು, ಆ ಸರಕನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯಬೇಕಾಯಿತು. ಬಿಂದಿ ಅಥವಾ ಚಪ್ಪಲಿ ಜಾಗದಲ್ಲಿ ತುರಿಕೆ, ಬಿಳುಪು ಎಂದು ಗಿರಾಕಿ ಹೇಳಿದರೆ 'ಬೇರೆ ಕಂಪನಿಯದು ಕೊಡ್ತೀನಿ' ಎನ್ನುವ ಬದಲು ತಕ್ಷಣ ಬಳಕೆ ನಿಲ್ಲಿಸಿ ಡಾಕ್ಟರಿಗೆ ತೋರಿಸಲು ಹೇಳುವುದು ಒಳ್ಳೆಯದು. ಕುಂಕುಮ, ಚರ್ಮದ ಅಥವಾ ಬಟ್ಟೆಯ ಪಟ್ಟಿ ಇರುವ ಚಪ್ಪಲಿ ಬದಲಿಗೆ ನೋಡಬಹುದು.

ಚಿಕಿತ್ಸೆ ಏನಿದೆ?

ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. ಮುಖ, ಕುತ್ತಿಗೆಯ ಮಚ್ಚೆಗೆ ಬಣ್ಣ ಮರಳುವ ಸಾಧ್ಯತೆ ಹೆಚ್ಚು. ತುಟಿ, ಬೆರಳ ತುದಿ, ಮತ್ತು ಕೂದಲೂ ಬೆಳ್ಳಗಾದ ಜಾಗಕ್ಕೆ ಕಷ್ಟ.

ಸಣ್ಣ ಮಚ್ಚೆಗೆ ಸ್ಟೀರಾಯ್ಡ್ ಅಥವಾ ಟ್ಯಾಕ್ರೊಲಿಮಸ್ ಮುಲಾಮು ಕೊಡುತ್ತಾರೆ. ಮೈಮೇಲೆ ಹೆಚ್ಚು ಹರಡಿದ್ದರೆ ವಾರಕ್ಕೆ ಎರಡು ಮೂರು ಸಲ ಒಂದು ಬಗೆಯ ಅತಿನೇರಳೆ ಬೆಳಕಿನ ಚಿಕಿತ್ಸೆ. ಇದಕ್ಕೆ ತಿಂಗಳುಗಟ್ಟಲೆ ತಾಳ್ಮೆ ಬೇಕು. ವೇಗವಾಗಿ ಹರಡುತ್ತಿದ್ದರೆ ವಾರದಲ್ಲಿ ಸತತ ಎರಡು ದಿನ ಮಾತ್ರ ಸ್ಟೀರಾಯ್ಡ್ ಮಾತ್ರೆ ಕೊಡುವ ಕ್ರಮ ಇದೆ. ಇದನ್ನು ರೂಪಿಸಿದ್ದು ಭಾರತದ ವೈದ್ಯರೇ. ಒಂದು ವರ್ಷ ಹೊಸ ಮಚ್ಚೆ ಬರದೆ ನಿಂತಿದ್ದರೆ ಚರ್ಮದ ಕಸಿ ಮಾಡಿಸಬಹುದು. ಇಂಟರ್‌ಫೆರಾನ್ ಗಾಮಾದ ಸಂದೇಶವನ್ನೇ ತಡೆಯುವ ರುಕ್ಸೊಲಿಟಿನಿಬ್ ಎಂಬ ಮುಲಾಮಿಗೆ ಅಮೆರಿಕ 2022ರಲ್ಲಿ ಒಪ್ಪಿಗೆ ಕೊಟ್ಟಿತು. ರೋಗನಿರೋಧಕ ಶಕ್ತಿಯ ತಪ್ಪು ಎಲ್ಲಿ ಎಂದು ತಿಳಿದಿದ್ದರ ನೇರ ಫಲ ಇದು.

ಬಾವಂಚಿ ಬೀಜ ಹಳೇ ಔಷಧ. ಅದರಲ್ಲಿರುವ ಸೋರಾಲೆನ್ ಬಿಸಿಲು ತಾಗಿದರೆ ಕೆಲಸ ಮಾಡುತ್ತದೆ. ಆದರೆ ಅಳತೆ ತಪ್ಪಿದರೆ ಬೊಬ್ಬೆ ಎದ್ದು ಚರ್ಮ ಸುಡುತ್ತದೆ, ಆ ಗಾಯದಲ್ಲೇ ಹೊಸ ತೊನ್ನು ಬರಬಹುದು. ಅರೆದು ಹಚ್ಚಿಕೊಂಡು ಬಿಸಿಲಿಗೆ ಕೂರುವುದು ಬೇಡ.

ಗೋಡೆ ಬರಹ ನಂಬಬೇಡಿ

'ತೊನ್ನು ಗ್ಯಾರಂಟಿ ವಾಸಿ' ಎಂಬ ಜಾಹೀರಾತು ಕಾನೂನು ಬಾಹಿರ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ ತೊನ್ನಿನ ಹೆಸರೂ ಇದೆ. ಆ ಪಟ್ಟಿಯ ಕಾಯಿಲೆಗಳಿಗೆ ಔಷಧ ಇದೆ ಎಂದು ಜಾಹೀರಾತು ಕೊಡುವಂತಿಲ್ಲ. ಇಂಥ ಪೋಸ್ಟರ್ ಅಂಟಿಸಲು ಅಂಗಡಿ ಗೋಡೆ ಬಿಟ್ಟುಕೊಡುವ ಮುನ್ನ ಯೋಚಿಸಿ.

ಈ ಲಕ್ಷಣ ಕಂಡರೆ ತಡ ಮಾಡಬೇಡಿ

* ಹಳೇ ಮಚ್ಚೆಯ ಸುತ್ತ ಅಕ್ಕಿ ನುಚ್ಚು ಚೆಲ್ಲಿದಂತೆ ಸಣ್ಣ ಬಿಳಿ ಚುಕ್ಕೆಗಳು
* ತರಚಿದ, ಸುಟ್ಟ, ಬಟ್ಟೆ ಬಿಗಿದ ಜಾಗದಲ್ಲಿ ಹೊಸ ಮಚ್ಚೆ
* ಅಂಚು ಸ್ಪಷ್ಟವಾಗಿಲ್ಲದೆ ಮಸುಕಾಗುತ್ತಾ ಹರಡುವುದು

ಇವು ಕಾಯಿಲೆ ಚುರುಕಾಗಿದೆ ಎಂಬ ಸೂಚನೆ. ಹೊಲದಲ್ಲಿ, ಬಿಸಿಲಲ್ಲಿ ಕೆಲಸ ಮಾಡುವವರು ಮಚ್ಚೆಯ ಜಾಗವನ್ನು ಬಟ್ಟೆಯಿಂದ ಮುಚ್ಚಿಕೊಳ್ಳಬೇಕು. ಬಣ್ಣ ಇಲ್ಲದ ಚರ್ಮ ಬೇಗ ಸುಡುತ್ತದೆ. ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ಚೀಟಿ ಪಡೆದು ಜಿಲ್ಲಾಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಹೋಗಬಹುದು.

ಜೂನ್ 25 ವಿಶ್ವ ತೊನ್ನು ದಿನ. ಪಾಪ್ ಗಾಯಕ ಮೈಕೆಲ್ ಜಾಕ್ಸನ್ ತೀರಿಕೊಂಡ ದಿನವದು, ಅವರಿಗೂ ತೊನ್ನು ಇತ್ತು. ಚಿಕಿತ್ಸೆ ಕೊಡುವುದು ಡಾಕ್ಟರ ಕೆಲಸ. ಎದುರಿಗೆ ಚಾಚಿದ ಕೈಯಿಂದ ಚಿಲ್ಲರೆ ಇಸ್ಕೊಳ್ಳುವುದು ಮಾತ್ರ ಉಳಿದವರ ಕೆಲಸ.